ಕನಕಗಿರಿ ವಿಧಾನಸಭಾ ಕ್ಷೇತ್ರ: ಚುನಾವಣಾ ಇತಿಹಾಸ ಮತ್ತು ಮತದಾರರ ನೋಂದಣಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೊಪ್ಪಳ ಜಿಲ್ಲೆಯಲ್ಲಿ ಕುಷ್ಟಗಿ (60), ಕನಕಗಿರಿ (61), ಗಂಗಾವತಿ (62), ಯಲಬುರ್ಗಾ (63) ಮತ್ತು ಕೊಪ್ಪಳ (64) ಎಂಬ ಐದು ವಿಧಾನಸಭಾ ಕ್ಷೇತ್ರಗಳಿವೆ. ಇವುಗಳ ಪೈಕಿ ಕನಕಗಿರಿ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿದ್ದು, ಬಹುಪಾಲು ಗ್ರಾಮೀಣ ಪ್ರದೇಶವನ್ನು ಒಳಗೊಂಡಿದೆ. ಮರಳಿ, ಕಾರಟಗಿ, ಸಿದ್ದಾಪುರ, ನವಲಿ, ಹುಲಿಹೈದರ ಮುಂತಾದ ಹೋಬಳಿಗಳನ್ನು ಹೊಂದಿದ್ದ ಅವಿಭಜಿತ ಗಂಗಾವತಿ ತಾಲ್ಲೂಕಿನ ಚುನಾವಣಾ ಇತಿಹಾಸವು ಕನಕಗಿರಿ ಮತ್ತು ಗಂಗಾವತಿ ಎಂಬ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿದೆ.

ಮತದಾರರ ಪಟ್ಟಿಗೆ ಹೆಸರು ಸೇರಿಸಲು, ವರ್ಗಾಯಿಸಲು ಅಥವಾ ತಿದ್ದುಪಡಿ ಮಾಡಿಸಲು ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಕೆಲವು ಸಂದೇಹಗಳು ಸಾಮಾನ್ಯವಾಗಿವೆ. ತಾಲ್ಲೂಕು ಬೇರೆಯಾದರೆ ಕ್ಷೇತ್ರವೂ ಬೇರೆಯಾಗುವುದೇ, ಮೀಸಲು ಕ್ಷೇತ್ರದಲ್ಲಿ ಇತರ ವರ್ಗದವರು ಮತ ಚಲಾಯಿಸಬಹುದೇ, ದುಡಿಯಲು ಪರಊರಿಗೆ ಹೋದವರ ಹೆಸರು ಪಟ್ಟಿಯಲ್ಲಿ ಉಳಿಯುವುದೇ ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಕ್ಷೇತ್ರವು ಇಂದಿನ ರೂಪವನ್ನು ಹೇಗೆ ಪಡೆಯಿತು ಎಂಬುದನ್ನು ತಿಳಿಯುವುದು ಅವಶ್ಯಕ. ಆದುದರಿಂದ ಈ ಲೇಖನದಲ್ಲಿ ಮೊದಲು ಕ್ಷೇತ್ರದ ಇತಿಹಾಸವನ್ನೂ, ತದನಂತರ ನೋಂದಣಿಗೆ ಸಂಬಂಧಿಸಿದ ವಿಧಿವಿಧಾನಗಳನ್ನೂ ವಿವರಿಸಲಾಗಿದೆ.

1. ಹೈದರಾಬಾದ್ ರಾಜ್ಯದ ಅವಧಿ

ಇಂದಿನ ಕೊಪ್ಪಳ ಜಿಲ್ಲೆಯ ಪ್ರದೇಶವು ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡು, ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ವಿಲೀನಗೊಂಡಿತು. ಸಂವಿಧಾನದ 326ನೇ ಅನುಚ್ಛೇದದ ಮೇರೆಗೆ ವಯಸ್ಕ ಮತದಾನ ಪದ್ಧತಿ ಜಾರಿಯಾಗಿ, 1952ರಲ್ಲಿ ಹೈದರಾಬಾದ್ ರಾಜ್ಯದ ವಿಧಾನಸಭೆಗೆ ಪ್ರಥಮ ಸಾರ್ವತ್ರಿಕ ಚುನಾವಣೆ ನಡೆಯಿತು. ಜಮೀನು, ತೆರಿಗೆ, ವಿದ್ಯೆ ಇವಾವುದರ ಅರ್ಹತೆಯೂ ಇಲ್ಲದೆ ಈ ಭಾಗದ ರೈತರು, ಕೃಷಿ ಕೂಲಿಕಾರರು ಮತ್ತು ಮಹಿಳೆಯರು ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ಅಧಿಕಾರವನ್ನು ಪಡೆದದ್ದು ಅದೇ ಮೊದಲು.

ಅಂದಿನ ಮತದಾನದ ಕ್ರಮವು ಇಂದಿನದಕ್ಕಿಂತ ಭಿನ್ನವಾಗಿತ್ತು. ಪ್ರತಿಯೊಬ್ಬ ಅಭ್ಯರ್ಥಿಗೂ ಪ್ರತ್ಯೇಕ ಮತಪೆಟ್ಟಿಗೆಯನ್ನು ಇರಿಸಿ, ಅದರ ಮೇಲೆ ಅವರ ಚಿಹ್ನೆಯನ್ನು ಅಂಟಿಸಲಾಗುತ್ತಿತ್ತು. ಮತದಾರರು ಮತಪತ್ರದ ಮೇಲೆ ಯಾವುದೇ ಗುರುತು ಮಾಡದೆ, ತಾವು ಇಚ್ಛಿಸಿದ ಅಭ್ಯರ್ಥಿಯ ಪೆಟ್ಟಿಗೆಯಲ್ಲಿ ಅದನ್ನು ಹಾಕುತ್ತಿದ್ದರು. ಮತಪತ್ರದ ಮೇಲೆ ಮುದ್ರೆ ಒತ್ತುವ ಪದ್ಧತಿಯು 1962ರ ಸಾರ್ವತ್ರಿಕ ಚುನಾವಣೆಯ ವೇಳೆಗೆ ರೂಢಿಗೆ ಬಂದಿತು.

1952ರಲ್ಲಿ ಈ ಭಾಗವು ಕುಷ್ಟಗಿ ಲೋಕಸಭಾ ಕ್ಷೇತ್ರದಲ್ಲಿತ್ತು. ಅಳವಂಡಿಯ ಶಿವಮೂರ್ತಿಸ್ವಾಮಿಯವರು ಪಕ್ಷೇತರ ಅಭ್ಯರ್ಥಿಯಾಗಿ ಅಲ್ಲಿಂದ ಆಯ್ಕೆಯಾದರು. ಪಕ್ಷದ ಬಲವಿಲ್ಲದ ಅಭ್ಯರ್ಥಿಯನ್ನೂ ಈ ಭಾಗದ ಮತದಾರರು ಆರಿಸಬಲ್ಲರೆಂಬುದು ಪ್ರಥಮ ಚುನಾವಣೆಯಲ್ಲಿಯೇ ವ್ಯಕ್ತವಾಯಿತು. ಶಿವಮೂರ್ತಿಸ್ವಾಮಿಯವರು 1962ರಲ್ಲಿ ಲೋಕ ಸೇವಕ ಸಂಘದಿಂದ ಕೊಪ್ಪಳ ಲೋಕಸಭಾ ಕ್ಷೇತ್ರವನ್ನು ಪುನಃ ಪ್ರತಿನಿಧಿಸಿದರು.

ಪ್ರಥಮ ಮತದಾರರ ಪಟ್ಟಿಯ ಸಿದ್ಧತೆಯ ಕಾಲದ ಒಂದು ಸಂಗತಿಯು ಇಂದಿಗೂ ಸ್ಮರಣೀಯವಾಗಿದೆ. ದೇಶದ ಹಲವು ಭಾಗಗಳಲ್ಲಿ ಮಹಿಳೆಯರು ತಮ್ಮ ಸ್ವಂತ ಹೆಸರನ್ನು ಹೇಳದೆ, ಇಂಥವರ ಹೆಂಡತಿ ಅಥವಾ ಇಂಥವರ ತಾಯಿ ಎಂದು ಮಾತ್ರ ಬರೆಸಿದ್ದರು. ಅಂತಹ ಸುಮಾರು 28 ಲಕ್ಷ ನಮೂದುಗಳನ್ನು ಅಂತಿಮ ಪಟ್ಟಿಯಿಂದ ಕೈಬಿಡಲಾಯಿತು. ಮತದಾನದ ಹಕ್ಕು ಸಂವಿಧಾನದಿಂದ ದೊರೆತಿದ್ದರೂ, ಪಟ್ಟಿಯಲ್ಲಿ ಹೆಸರು ಸರಿಯಾಗಿ ದಾಖಲಾಗದೆ ಅದನ್ನು ಚಲಾಯಿಸಲಾಗದು ಎಂಬುದಕ್ಕೆ ಇದು ಮೊದಲ ನಿದರ್ಶನ.

2. ಮೈಸೂರು ರಾಜ್ಯ ಮತ್ತು ಕ್ಷೇತ್ರಗಳ ಸಂಖ್ಯೆಯ ಏರಿಕೆ

ರಾಜ್ಯಗಳ ಪುನರ್ವಿಂಗಡಣೆಯ ಪರಿಣಾಮವಾಗಿ 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳು ಆಗ ಸದರಿ ಜಿಲ್ಲೆಯ ಭಾಗವಾಗಿದ್ದವು. 1957ರಿಂದ ಈ ಭಾಗದ ಮತದಾರರು ಬೆಂಗಳೂರಿನ ವಿಧಾನಸಭೆಗೆ ಪ್ರತಿನಿಧಿಗಳನ್ನು ಕಳುಹಿಸುತ್ತಿದ್ದಾರೆ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. 1997ರಲ್ಲಿ ರಾಯಚೂರು ಜಿಲ್ಲೆಯನ್ನು ವಿಭಜಿಸಿ, ಮೇಲ್ಕಂಡ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡ ಕೊಪ್ಪಳ ಜಿಲ್ಲೆಯನ್ನು ರಚಿಸಲಾಯಿತು.

ರಾಜ್ಯ ವಿಧಾನಸಭೆಗೆ 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018 ಮತ್ತು 2023ರಲ್ಲಿ ಸಾರ್ವತ್ರಿಕ ಚುನಾವಣೆಗಳು ನಡೆದಿವೆ. 1957 ಮತ್ತು 1962ರಲ್ಲಿ 208 ಇದ್ದ ಸ್ಥಾನಗಳ ಸಂಖ್ಯೆಯು 1967ರಲ್ಲಿ 216ಕ್ಕೂ, 1978ರಲ್ಲಿ 224ಕ್ಕೂ ಏರಿತು. ತದನಂತರ ಈ ಸಂಖ್ಯೆಯಲ್ಲಿ ಬದಲಾವಣೆಯಾಗಿಲ್ಲ. ಆರಂಭದ ಚುನಾವಣೆಗಳಲ್ಲಿ ಮೀಸಲು ಸ್ಥಾನಗಳಿಗಾಗಿ ದ್ವಿಸದಸ್ಯ ಕ್ಷೇತ್ರಗಳ ವ್ಯವಸ್ಥೆಯಿತ್ತು. 1961ರ ಕಾಯ್ದೆಯ ಮೂಲಕ ಅದನ್ನು ರದ್ದುಪಡಿಸಿ, ಎಲ್ಲ ಕ್ಷೇತ್ರಗಳನ್ನೂ ಏಕಸದಸ್ಯ ಕ್ಷೇತ್ರಗಳನ್ನಾಗಿ ಮಾಡಲಾಯಿತು.

1989ರ ಚುನಾವಣೆಯು ಮತದಾರರ ದೃಷ್ಟಿಯಿಂದ ಮಹತ್ವದ್ದಾಗಿತ್ತು. ಸಂವಿಧಾನದ 61ನೇ ತಿದ್ದುಪಡಿಯ ಮೂಲಕ ಮತದಾನದ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಗಿದ್ದು, ಆ ವರ್ಷ ಪ್ರಥಮ ಬಾರಿಗೆ 18 ವರ್ಷ ತುಂಬಿದ ಯುವಜನರು ಲೋಕಸಭೆ ಮತ್ತು ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತ ಚಲಾಯಿಸಿದರು.

3. ಕ್ಷೇತ್ರದ ಸ್ವರೂಪ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ನಾಣ್ಣುಡಿ ಈ ಭಾಗದಲ್ಲಿ ಪ್ರಚಲಿತವಾಗಿದೆ. ಕನಕಾಚಲಪತಿ ದೇವಾಲಯದಿಂದ ಪ್ರಸಿದ್ಧವಾದ ಈ ಊರಿನ ಹೆಸರನ್ನು ಹೊಂದಿರುವ ಕ್ಷೇತ್ರದಲ್ಲಿ ಎರಡು ಬಗೆಯ ಭೂಭಾಗಗಳಿವೆ.

ಕಾರಟಗಿ ಮತ್ತು ಸಿದ್ದಾಪುರದ ಕಡೆಯ ಗ್ರಾಮಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಒಳಪಟ್ಟಿದ್ದು, ಭತ್ತವು ಇಲ್ಲಿನ ಮುಖ್ಯ ಬೆಳೆಯಾಗಿದೆ. ಕಾಲುವೆ ಬಂದ ನಂತರ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತ ಕುಟುಂಬಗಳು ಇಲ್ಲಿ ನೆಲೆಸಿ, ಕ್ಯಾಂಪ್‌ಗಳೆಂದು ಕರೆಯಲಾಗುವ ವಸತಿಗಳನ್ನು ಕಟ್ಟಿಕೊಂಡವು. ಕನಕಗಿರಿ, ಹುಲಿಹೈದರ ಮತ್ತು ನವಲಿಯ ಕಡೆಯ ಬಹುಪಾಲು ಭೂಮಿ ಮಳೆಯಾಶ್ರಿತವಾಗಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಭಾಗದ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ ಮುಂತಾದೆಡೆಗೆ ಗುಳೆ ಹೋಗುವುದು ವಾಡಿಕೆಯಾಗಿದೆ.

ಆದುದರಿಂದ ಈ ಕ್ಷೇತ್ರದ ಪ್ರತಿ ಚುನಾವಣೆಯಲ್ಲಿಯೂ ನೀರಿನ ವಿಷಯವು ಪ್ರಧಾನವಾಗಿರುತ್ತದೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪುವುದು ಒಂದು ಬೇಡಿಕೆಯಾದರೆ, ಒಣಭೂಮಿಗೆ ಕೆರೆ ತುಂಬಿಸುವ ಯೋಜನೆ ಮತ್ತೊಂದು. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ನೀರಿನ ಸಂಗ್ರಹ ಸಾಮರ್ಥ್ಯ ಕುಗ್ಗಿರುವುದರಿಂದ, ನವಲಿಯ ಸಮೀಪ ಸಮತೋಲನ ಜಲಾಶಯವನ್ನು ನಿರ್ಮಿಸುವ ಪ್ರಸ್ತಾವವು ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ಭತ್ತದ ಬೆಳೆಗಾರರೆಲ್ಲರೂ ಆತಂಕಕ್ಕೊಳಗಾದ ಸಂಗತಿಯು ಜಲಾಶಯದ ಮೇಲಿನ ಅವಲಂಬನೆಯನ್ನು ತೋರಿಸುತ್ತದೆ.

4. 2008ರ ಪುನರ್ವಿಂಗಡಣೆಗೆ ಮೊದಲು

2008ಕ್ಕೆ ಮೊದಲು ಕನಕಗಿರಿಯು ಸಾಮಾನ್ಯ ಕ್ಷೇತ್ರವಾಗಿತ್ತು. ಆನೆಗೊಂದಿ ರಾಜಮನೆತನದ ಶ್ರೀರಂಗದೇವರಾಯಲು ಅವರು ಕನಕಗಿರಿ ಮತ್ತು ಗಂಗಾವತಿ ಎರಡೂ ಕ್ಷೇತ್ರಗಳನ್ನು ಬೇರೆ ಬೇರೆ ಅವಧಿಗಳಲ್ಲಿ ವಿಧಾನಸಭೆಯಲ್ಲಿ ಪ್ರತಿನಿಧಿಸಿದರು. ಸಾಲೋಣಿ ನಾಗಪ್ಪ ಮತ್ತು ಮಲ್ಲಿಕಾರ್ಜುನ ನಾಗಪ್ಪ ಅವರು ಕನಕಗಿರಿಯಿಂದ ಆಯ್ಕೆಯಾಗಿ, ಸಚಿವರಾಗಿಯೂ ಕಾರ್ಯನಿರ್ವಹಿಸಿದರು.

ಸಂವಿಧಾನದ 42ನೇ ತಿದ್ದುಪಡಿಯ (1976) ಮೇರೆಗೆ ಸ್ಥಾನಗಳ ಮರುಹಂಚಿಕೆಯನ್ನು ತಡೆಹಿಡಿಯಲಾಗಿದ್ದುದರಿಂದ, 1971ರ ಜನಗಣತಿಯ ಆಧಾರದ ಮೇಲೆ ರಚಿತವಾದ ಕ್ಷೇತ್ರಗಳ ಗಡಿಗಳೇ 1978ರಿಂದ 2004ರವರೆಗಿನ ಎಲ್ಲ ಚುನಾವಣೆಗಳಲ್ಲಿ ಮುಂದುವರಿದವು. ಈ ಅವಧಿಯಲ್ಲಿ ನೀರಾವರಿ ಪ್ರದೇಶದ ಜನಸಂಖ್ಯೆಯು ಹೆಚ್ಚಿ, ಹೊಸ ವಸತಿಗಳು ತಲೆಯೆತ್ತಿದರೂ ಕ್ಷೇತ್ರದ ಗಡಿ ಮಾತ್ರ ಹಾಗೆಯೇ ಉಳಿಯಿತು.

5. 2008ರ ಪುನರ್ವಿಂಗಡಣೆ ಮತ್ತು ಮೀಸಲಾತಿ

2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯ ಮೇರೆಗೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಆಧರಿಸಿ ಕ್ಷೇತ್ರಗಳ ಗಡಿಗಳನ್ನು ಪುನಃ ನಿಗದಿಪಡಿಸಿತು. ರಾಜ್ಯದ ಒಟ್ಟು ಸ್ಥಾನಗಳ ಸಂಖ್ಯೆಯನ್ನು 224ರಲ್ಲಿಯೇ ಉಳಿಸಿಕೊಂಡು, ಪರಿಶಿಷ್ಟ ಜಾತಿಯ ಮೀಸಲು ಸ್ಥಾನಗಳನ್ನು 33ರಿಂದ 36ಕ್ಕೂ, ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳನ್ನು 2ರಿಂದ 15ಕ್ಕೂ ಹೆಚ್ಚಿಸಲಾಯಿತು. 2008ರ ಮೇ ತಿಂಗಳಿನಲ್ಲಿ ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯು ಹೊಸ ಗಡಿಗಳ ಪ್ರಕಾರ ದೇಶದಲ್ಲಿ ನಡೆದ ಪ್ರಥಮ ವಿಧಾನಸಭಾ ಚುನಾವಣೆಯಾಗಿತ್ತು.

ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳನ್ನು ಗುರುತಿಸುವಾಗ, ಆ ಜನಸಂಖ್ಯೆಯ ಪ್ರಮಾಣ ಹೆಚ್ಚಿರುವ ಪ್ರದೇಶಗಳನ್ನು ಆಯ್ಕೆ ಮಾಡುವುದರ ಜೊತೆಗೆ, ಅಂತಹ ಕ್ಷೇತ್ರಗಳು ರಾಜ್ಯದ ವಿವಿಧ ಭಾಗಗಳಲ್ಲಿ ಹಂಚಿಕೆಯಾಗುವಂತೆಯೂ ನೋಡಿಕೊಳ್ಳಬೇಕೆಂದು ಕಾಯ್ದೆಯಲ್ಲಿ ತಿಳಿಸಲಾಗಿದೆ. ಅದರಂತೆ ಕನಕಗಿರಿಯು ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಯಿತು.

ಮೀಸಲಾತಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸುವುದು ಅಗತ್ಯ. ಮೀಸಲಾತಿಯು ಅಭ್ಯರ್ಥಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಮತದಾರರಿಗಲ್ಲ. ಕ್ಷೇತ್ರದ ಪಟ್ಟಿಯಲ್ಲಿರುವ ಎಲ್ಲ ಜಾತಿ, ಮತ, ವರ್ಗಗಳ ಮತದಾರರೂ ಒಂದೇ ಪಟ್ಟಿಯಲ್ಲಿ ನೋಂದಾಯಿತರಾಗಿ, ಒಂದೇ ರೀತಿಯಲ್ಲಿ ಮತ ಚಲಾಯಿಸುತ್ತಾರೆ. ಪ್ರತಿ ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಮತದಾರರ ಪಟ್ಟಿ ಇರತಕ್ಕದ್ದೆಂದು ಸಂವಿಧಾನದ 325ನೇ ಅನುಚ್ಛೇದವು ವಿಧಿಸಿದೆ. ಅಭ್ಯರ್ಥಿಯು ಪರಿಶಿಷ್ಟ ಜಾತಿಗೆ ಸೇರಿದವರಾಗಿದ್ದು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರರಾಗಿದ್ದರೆ ಸಾಕು.

6. 2008ರಿಂದ 2023ರವರೆಗಿನ ಚುನಾವಣೆಗಳು

ಕನಕಗಿರಿ ಮತ್ತು ಗಂಗಾವತಿ ಕ್ಷೇತ್ರಗಳಿಂದ ಆಯ್ಕೆಯಾದವರ ವಿವರ ಈ ಕೆಳಕಂಡಂತಿದೆ.

ಕನಕಗಿರಿ (ಪರಿಶಿಷ್ಟ ಜಾತಿ):
2008: ಶಿವರಾಜ ತಂಗಡಗಿ, ಪಕ್ಷೇತರ
2013: ಶಿವರಾಜ ತಂಗಡಗಿ, ಕಾಂಗ್ರೆಸ್
2018: ಬಸವರಾಜ ದಢೇಸೂಗೂರು, ಭಾರತೀಯ ಜನತಾ ಪಕ್ಷ
2023: ಶಿವರಾಜ ತಂಗಡಗಿ, ಕಾಂಗ್ರೆಸ್

ಗಂಗಾವತಿ (ಸಾಮಾನ್ಯ):
2008: ಪರಣ್ಣ ಮುನವಳ್ಳಿ, ಭಾರತೀಯ ಜನತಾ ಪಕ್ಷ
2013: ಇಕ್ಬಾಲ್ ಅನ್ಸಾರಿ, ಜನತಾದಳ (ಜಾತ್ಯತೀತ)
2018: ಪರಣ್ಣ ಮುನವಳ್ಳಿ, ಭಾರತೀಯ ಜನತಾ ಪಕ್ಷ
2023: ಜಿ. ಜನಾರ್ದನ ರೆಡ್ಡಿ, ಕಲ್ಯಾಣ ರಾಜ್ಯ ಪ್ರಗತಿ ಪಕ್ಷ

ಮೇಲ್ಕಂಡ ಪಟ್ಟಿಯನ್ನು ಗಮನಿಸಿದಲ್ಲಿ, ಗಂಗಾವತಿಯಲ್ಲಿ 2008ರಿಂದ ಯಾವ ಶಾಸಕರೂ ಸತತವಾಗಿ ಎರಡು ಬಾರಿ ಆಯ್ಕೆಯಾಗಿಲ್ಲ. ಕನಕಗಿರಿಯಲ್ಲಿ 2013ರ ನಂತರ ಪ್ರತಿ ಚುನಾವಣೆಯಲ್ಲಿಯೂ ಪ್ರತಿನಿಧಿಯು ಬದಲಾಗಿದ್ದಾರೆ. 2023ರಲ್ಲಿ ಕನಕಗಿರಿಯಲ್ಲಿ ಗೆಲುವಿನ ಅಂತರವು 40 ಸಾವಿರಕ್ಕೂ ಅಧಿಕವಾಗಿದ್ದರೆ, ನೆರೆಯ ಗಂಗಾವತಿಯಲ್ಲಿ ಅದು 8,266 ಮತಗಳಷ್ಟಿತ್ತು. 2022ರ ಡಿಸೆಂಬರ್‌ನಲ್ಲಿ ಘೋಷಣೆಯಾದ ಕಲ್ಯಾಣ ರಾಜ್ಯ ಪ್ರಗತಿ ಪಕ್ಷವು ರಾಜ್ಯದಲ್ಲಿ ಗೆದ್ದ ಏಕೈಕ ಸ್ಥಾನ ಗಂಗಾವತಿಯಾಗಿದ್ದು, ಸದರಿ ಪಕ್ಷವು 2024ರ ಮಾರ್ಚ್‌ನಲ್ಲಿ ಭಾರತೀಯ ಜನತಾ ಪಕ್ಷದೊಂದಿಗೆ ವಿಲೀನಗೊಂಡಿತು. 2023ರಲ್ಲಿ ರಚನೆಯಾದ ಸಚಿವ ಸಂಪುಟದಲ್ಲಿ ಕನಕಗಿರಿಯ ಶಾಸಕರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ವಹಿಸಲಾಯಿತು.

7. ಪಕ್ಷೇತರ ಶಾಸಕರ ಅನರ್ಹತೆಯ ಪ್ರಕರಣ (2010–2011)

ಕನಕಗಿರಿಯ ಹೆಸರು ದೇಶದ ಸಂವಿಧಾನಾತ್ಮಕ ಇತಿಹಾಸದಲ್ಲಿಯೂ ದಾಖಲಾಗಿದೆ. 2008ರಲ್ಲಿ ಯಾವ ಪಕ್ಷಕ್ಕೂ ಸ್ಪಷ್ಟ ಬಹುಮತ ದೊರೆಯದಿದ್ದುದರಿಂದ ಪಕ್ಷೇತರ ಶಾಸಕರ ಬೆಂಬಲದಿಂದ ಸರ್ಕಾರ ರಚನೆಯಾಯಿತು. ಬೆಂಬಲ ನೀಡಿದ ಪಕ್ಷೇತರರು ಸಚಿವರಾದರು. ಕನಕಗಿರಿಯ ಶಾಸಕರೂ ಅವರಲ್ಲಿ ಒಬ್ಬರು. 2010ರ ಅಕ್ಟೋಬರ್‌ನಲ್ಲಿ ಅವರು ಬೆಂಬಲವನ್ನು ಹಿಂತೆಗೆದುಕೊಂಡಾಗ, ಅಂದಿನ ವಿಧಾನಸಭಾಧ್ಯಕ್ಷರು ಐವರು ಪಕ್ಷೇತರ ಶಾಸಕರನ್ನು ಸಂವಿಧಾನದ ಹತ್ತನೇ ಅನುಸೂಚಿಯ ಮೇರೆಗೆ ಅನರ್ಹಗೊಳಿಸಿದರು. ಚುನಾವಣೆಯ ನಂತರ ರಾಜಕೀಯ ಪಕ್ಷವೊಂದನ್ನು ಸೇರುವ ಪಕ್ಷೇತರ ಸದಸ್ಯರು ಸದಸ್ಯತ್ವವನ್ನು ಕಳೆದುಕೊಳ್ಳುತ್ತಾರೆ ಎಂಬುದು ಈ ಅನುಸೂಚಿಯ ನಿಯಮ.

ಪ್ರಕರಣವು ಸರ್ವೋಚ್ಚ ನ್ಯಾಯಾಲಯವನ್ನು ತಲುಪಿ, 2011ರ ಮೇ ತಿಂಗಳಿನಲ್ಲಿ ಅನರ್ಹತೆಯ ಆದೇಶವು ರದ್ದಾಯಿತು. ಪಕ್ಷೇತರ ಸದಸ್ಯರು ಸರ್ಕಾರಕ್ಕೆ ಬೆಂಬಲ ನೀಡಿದ ಅಥವಾ ಸಚಿವರಾದ ಮಾತ್ರಕ್ಕೆ ಅವರು ಆಡಳಿತ ಪಕ್ಷವನ್ನು ಸೇರಿದಂತಾಗದು ಎಂಬುದು ಈ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಮತದಾರರ ದೃಷ್ಟಿಯಿಂದ ಇದರ ಅರ್ಥ ಸರಳವಾಗಿದೆ. ಶಾಸಕರೊಬ್ಬರು ಅನರ್ಹಗೊಂಡ ಅವಧಿಯಲ್ಲಿ ಆ ಕ್ಷೇತ್ರದ ಜನತೆಗೆ ಸದನದಲ್ಲಿ ಧ್ವನಿಯಿರುವುದಿಲ್ಲ. ಕನಕಗಿರಿಯ ಮತದಾರರು ಸುಮಾರು ಏಳು ತಿಂಗಳ ಕಾಲ ಈ ಸ್ಥಿತಿಯಲ್ಲಿದ್ದರು.

8. ಮತದಾನದ ವಿಧಾನದಲ್ಲಿ ಆದ ಬದಲಾವಣೆಗಳು

2004ರ ಸಾರ್ವತ್ರಿಕ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರಗಳನ್ನು ಬಳಸಲಾಯಿತು. 2013ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಮೇರೆಗೆ, ಮೇಲಿನ ಯಾರೂ ಅಲ್ಲ (ನೋಟಾ) ಎಂಬ ಆಯ್ಕೆಯನ್ನು ಮತಯಂತ್ರದಲ್ಲಿ ಒದಗಿಸಲಾಯಿತು. ರಾಜ್ಯದ ವಿಧಾನಸಭಾ ಸಾರ್ವತ್ರಿಕ ಚುನಾವಣೆಯಲ್ಲಿ ಈ ಆಯ್ಕೆಯು 2018ರಲ್ಲಿ ಮೊದಲ ಬಾರಿಗೆ ಲಭ್ಯವಾಯಿತು. ಚಲಾಯಿಸಿದ ಮತವನ್ನು ಕಾಗದದ ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರವನ್ನು ಅದೇ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಲ್ಲಿ ಅಳವಡಿಸಲಾಯಿತು. 2023ರಲ್ಲಿ 80 ವರ್ಷ ಮೀರಿದ ಹಿರಿಯ ನಾಗರಿಕರಿಗೆ ಹಾಗೂ ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮನೆಯಿಂದಲೇ ಅಂಚೆ ಮತ ಚಲಾಯಿಸುವ ಸೌಲಭ್ಯ ನೀಡಲಾಯಿತು. 2024ರಲ್ಲಿ ಹಿರಿಯ ನಾಗರಿಕರ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು.

9. ತಾಲ್ಲೂಕು ಬೇರೆ, ಕ್ಷೇತ್ರ ಬೇರೆ

2017–18ನೇ ಸಾಲಿನ ಆಯವ್ಯಯದಲ್ಲಿ ಘೋಷಿಸಲಾದಂತೆ ಕನಕಗಿರಿ, ಕಾರಟಗಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾದವು. ಆದರೆ ತಾಲ್ಲೂಕಿನ ಗಡಿಯು ಸರ್ಕಾರದ ಕಂದಾಯ ಆಡಳಿತಕ್ಕೆ ಸಂಬಂಧಿಸಿದ್ದು, ವಿಧಾನಸಭಾ ಕ್ಷೇತ್ರದ ಗಡಿಯು 2008ರ ಪುನರ್ವಿಂಗಡಣಾ ಆದೇಶದಂತೆಯೇ ಮುಂದುವರಿದಿದೆ. ಹೊಸ ತಾಲ್ಲೂಕು ರಚನೆಯಾದ ಕಾರಣಕ್ಕೆ ಯಾವ ಗ್ರಾಮವೂ ಒಂದು ವಿಧಾನಸಭಾ ಕ್ಷೇತ್ರದಿಂದ ಮತ್ತೊಂದಕ್ಕೆ ಸೇರುವುದಿಲ್ಲ.

ಹಾಗೆಯೇ ಈ ಐದು ಕ್ಷೇತ್ರಗಳು ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಸೇರಿದ್ದು, ಅದರಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಮಸ್ಕಿ ಹಾಗೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕ್ಷೇತ್ರಗಳೂ ಇವೆ. ಲೋಕಸಭೆಗೆ ಪ್ರತ್ಯೇಕ ನೋಂದಣಿಯ ಅಗತ್ಯವಿಲ್ಲ. ವಿಧಾನಸಭಾ ಪಟ್ಟಿಯೇ ಲೋಕಸಭಾ ಚುನಾವಣೆಗೂ ಅನ್ವಯಿಸುತ್ತದೆ. ಗ್ರಾಮ ಪಂಚಾಯತಿ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗವು ನಡೆಸುತ್ತದೆಯಾದರೂ, ಅದರ ಪಟ್ಟಿಯನ್ನು ವಿಧಾನಸಭಾ ಪಟ್ಟಿಯ ಆಧಾರದ ಮೇಲೆಯೇ ಸಿದ್ಧಪಡಿಸಲಾಗುತ್ತದೆ. ಒಂದು ಪಟ್ಟಿಯಲ್ಲಿ ಹೆಸರು ತಪ್ಪಿಹೋದಲ್ಲಿ ಗ್ರಾಮ ಪಂಚಾಯತಿಯಿಂದ ಲೋಕಸಭೆಯವರೆಗಿನ ಮತದಾನಕ್ಕೆ ತೊಡಕಾಗುತ್ತದೆ ಎಂಬುದನ್ನು ಇದರಿಂದ ಅರಿಯಬಹುದು.

ಆದುದರಿಂದ ಮರಳಿ, ಕಾರಟಗಿ, ಕನಕಗಿರಿ ಮುಂತಾದ ಹೋಬಳಿಗಳ ಅರ್ಜಿದಾರರು ಅರ್ಜಿಯಲ್ಲಿ ಕ್ಷೇತ್ರದ ಹೆಸರನ್ನು ತಾಲ್ಲೂಕಿನ ಹೆಸರಿನಿಂದ ಊಹಿಸಿ ಬರೆಯಬಾರದು. ತಮ್ಮ ಮತಗಟ್ಟೆಯ ಮತದಾರರ ಪಟ್ಟಿಯ ಮೊದಲ ಪುಟದಲ್ಲಿ ವಿಧಾನಸಭಾ ಕ್ಷೇತ್ರದ ಸಂಖ್ಯೆ, ಹೆಸರು, ಮೀಸಲಾತಿಯ ಸ್ಥಿತಿ, ಭಾಗ ಸಂಖ್ಯೆ ಹಾಗೂ ಒಳಗೊಂಡಿರುವ ಗ್ರಾಮಗಳ ವಿವರವಿರುತ್ತದೆ. ಅದನ್ನು ನೋಡಿಯೇ ಭರ್ತಿ ಮಾಡತಕ್ಕದ್ದು. ಕ್ಯಾಂಪ್‌ಗಳ ನಿವಾಸಿಗಳು ಕ್ಯಾಂಪಿನ ಹೆಸರಿನ ಜೊತೆಗೆ ಕಂದಾಯ ಗ್ರಾಮದ ಹೆಸರನ್ನೂ ನಮೂದಿಸುವುದು ಸೂಕ್ತ.

10. ಗುಳೆ ಹೋದವರ ಮತದಾನದ ಹಕ್ಕು

ಈ ಭಾಗದಲ್ಲಿ ಹೆಚ್ಚು ಗಮನ ಹರಿಸಬೇಕಾದ ವಿಷಯವಿದು. ಪಟ್ಟಿಯ ಪರಿಷ್ಕರಣೆಯ ಸಮಯದಲ್ಲಿ ಮನೆಗೆ ಬೀಗ ಹಾಕಿರುವುದನ್ನು ಕಂಡು, ಕುಟುಂಬವು ಊರು ಬಿಟ್ಟಿದೆ ಎಂದು ಭಾವಿಸುವ ಸಂಭವವಿರುತ್ತದೆ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 20ನೇ ಪ್ರಕರಣದಲ್ಲಿ, ತನ್ನ ಸಾಮಾನ್ಯ ವಾಸಸ್ಥಳದಿಂದ ತಾತ್ಕಾಲಿಕವಾಗಿ ಗೈರುಹಾಜರಾದ ಮಾತ್ರಕ್ಕೆ ವ್ಯಕ್ತಿಯು ಅಲ್ಲಿನ ಸಾಮಾನ್ಯ ನಿವಾಸಿಯಾಗಿರುವುದು ಕೊನೆಗೊಳ್ಳುವುದಿಲ್ಲ ಎಂದು ತಿಳಿಸಲಾಗಿದೆ. ಸುಗ್ಗಿ ಮುಗಿದ ಮೇಲೆ ಕೆಲವು ತಿಂಗಳು ದುಡಿಯಲು ಹೋಗಿ ಮರಳಿ ಬರುವ ಕುಟುಂಬಗಳಿಗೆ ಈ ನಿಯಮವು ರಕ್ಷಣೆಯಾಗಿದೆ.

ಇದೇ ವೇಳೆ, ಊರನ್ನು ಶಾಶ್ವತವಾಗಿ ಬಿಟ್ಟು ಬೇರೆಡೆ ನೆಲೆಸಿದವರು ಹೊಸ ಸ್ಥಳಕ್ಕೆ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಅಥವಾ ಒಂದೇ ಕ್ಷೇತ್ರದಲ್ಲಿ ಎರಡು ಕಡೆ ಹೆಸರು ಹೊಂದಿರಲು ಕಾಯ್ದೆಯ 17 ಮತ್ತು 18ನೇ ಪ್ರಕರಣಗಳಲ್ಲಿ ಅವಕಾಶವಿಲ್ಲ. ಸುಳ್ಳು ಘೋಷಣೆ ನೀಡಿದಲ್ಲಿ 31ನೇ ಪ್ರಕರಣದ ಮೇರೆಗೆ ಒಂದು ವರ್ಷದವರೆಗಿನ ಕಾರಾಗೃಹವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ವಾಸಸ್ಥಳ ಬಿಟ್ಟಿದ್ದಾರೆಂಬ ಕಾರಣಕ್ಕೆ ಯಾರ ಹೆಸರನ್ನಾದರೂ ತೆಗೆದುಹಾಕುವ ಮುನ್ನ ಸಂಬಂಧಪಟ್ಟವರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಸಮಂಜಸ ಅವಕಾಶ ನೀಡಬೇಕೆಂದು 22ನೇ ಪ್ರಕರಣವು ವಿಧಿಸಿದೆ. ಆದುದರಿಂದ ಗುಳೆ ಹೋಗುವವರು ಊರಿನಲ್ಲಿ ಉಳಿಯುವ ಹಿರಿಯರಿಗೆ ಅಥವಾ ನೆರೆಹೊರೆಯವರಿಗೆ ತಮ್ಮ ದೂರವಾಣಿ ಸಂಖ್ಯೆಯನ್ನು ತಿಳಿಸಿ, ಮತಗಟ್ಟೆ ಮಟ್ಟದ ಅಧಿಕಾರಿಗಳಿಗೂ ಮಾಹಿತಿ ನೀಡಿ ತೆರಳುವುದು ಹಿತಕರ.

11. ಅರ್ಜಿ ನಮೂನೆಗಳು

ನಮೂನೆ 6: ಹೊಸದಾಗಿ ಹೆಸರು ಸೇರ್ಪಡೆಗಾಗಿ.
ನಮೂನೆ 6ಎ: ವಿದೇಶದಲ್ಲಿರುವ ಭಾರತೀಯ ನಾಗರಿಕರ ನೋಂದಣಿಗಾಗಿ.
ನಮೂನೆ 6ಬಿ: ಈಗಾಗಲೇ ಪಟ್ಟಿಯಲ್ಲಿರುವವರು ಆಧಾರ್ ಸಂಖ್ಯೆಯನ್ನು ಒದಗಿಸಲು.
ನಮೂನೆ 7: ಹೆಸರು ಸೇರ್ಪಡೆಗೆ ಆಕ್ಷೇಪಣೆ ಅಥವಾ ಹೆಸರು ತೆಗೆದುಹಾಕಲು.
ನಮೂನೆ 8: ವಾಸಸ್ಥಳ ಬದಲಾವಣೆ, ವಿವರಗಳ ತಿದ್ದುಪಡಿ, ಬದಲಿ ಗುರುತಿನ ಚೀಟಿ ಮತ್ತು ಅಂಗವೈಕಲ್ಯದ ನಮೂದಿಗಾಗಿ.

2022ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಜನವರಿ 1, ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಎಂಬ ನಾಲ್ಕು ಅರ್ಹತಾ ದಿನಾಂಕಗಳಿವೆ. ಇವುಗಳಲ್ಲಿ ಯಾವುದೇ ದಿನಾಂಕಕ್ಕೆ 18 ವರ್ಷ ತುಂಬುವವರು ಅರ್ಜಿ ಸಲ್ಲಿಸಬಹುದು. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿದ್ದುದರಿಂದ, ಜನವರಿ 2ರಂದು 18 ತುಂಬಿದ ಯುವಕ ಯುವತಿಯರು ಒಂದು ವರ್ಷ ಕಾಯಬೇಕಾಗಿತ್ತು.

ವಯಸ್ಸಿನ ಪುರಾವೆಯಾಗಿ ಜನನ ಪ್ರಮಾಣಪತ್ರ, ಆಧಾರ್, ಪಾನ್ ಕಾರ್ಡ್, ಚಾಲನಾ ಪರವಾನಗಿ, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಸಲ್ಲಿಸಬಹುದು. ವಾಸಸ್ಥಳದ ಪುರಾವೆಯಾಗಿ ವಿದ್ಯುತ್ ಅಥವಾ ನೀರಿನ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್ ಪುಸ್ತಕ, ಕಂದಾಯ ಇಲಾಖೆಯ ಜಮೀನಿನ ದಾಖಲೆ ಅಥವಾ ನೋಂದಾಯಿತ ಬಾಡಿಗೆ ಕರಾರು ಪತ್ರವನ್ನು ಲಗತ್ತಿಸಬಹುದು. ಸಂಬಂಧಿಕರ ಕಲಂನಲ್ಲಿ ತಂದೆಯ ಹೆಸರನ್ನೇ ಬರೆಯಬೇಕೆಂಬ ನಿರ್ಬಂಧವಿಲ್ಲ. ತಾಯಿಯ ಹೆಸರನ್ನು ನೀಡಿ ಅರ್ಜಿ ಸಲ್ಲಿಸುವವರೂ ಸಮಾನವಾಗಿ ಅರ್ಹರು. ಅರ್ಜಿಗೆ ಯಾವುದೇ ಶುಲ್ಕವಿರುವುದಿಲ್ಲ.

ಅರ್ಜಿಯನ್ನು ಮತಗಟ್ಟೆ ಮಟ್ಟದ ಅಧಿಕಾರಿಗಳಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ ಅಥವಾ ಭಾರತ ಚುನಾವಣಾ ಆಯೋಗದ ಮತದಾರರ ಸೇವಾ ಜಾಲತಾಣದ ಮೂಲಕ ಸಲ್ಲಿಸಬಹುದು. ಮಾಹಿತಿಗಾಗಿ 1950 ಸಹಾಯವಾಣಿಯನ್ನು ಸಂಪರ್ಕಿಸಬಹುದು. ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿಯನ್ನು ಪಡೆದು ಜೋಪಾನವಾಗಿಡತಕ್ಕದ್ದು.

12. ಮೇಲ್ಮನವಿ

ಮತದಾರರ ನೋಂದಣಿ ಅಧಿಕಾರಿಗಳ ಆದೇಶದಿಂದ ಬಾಧಿತರಾದವರು 15 ದಿನಗಳೊಳಗಾಗಿ ಜಿಲ್ಲಾ ದಂಡಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅವರ ಆದೇಶದ ವಿರುದ್ಧ 30 ದಿನಗಳೊಳಗಾಗಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಎರಡನೇ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

13. ಗಮನಿಸಬೇಕಾದ ಅಂಶಗಳು

ಅ) ಮತದಾರರ ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಮತ ಚಲಾಯಿಸಲಾಗದು. ಪಟ್ಟಿಯಲ್ಲಿ ಹೆಸರಿರುವುದು ಕಡ್ಡಾಯ. ಪಟ್ಟಿಯಲ್ಲಿ ಹೆಸರಿದ್ದು ಗುರುತಿನ ಚೀಟಿ ಇಲ್ಲದವರು, ಉದ್ಯೋಗ ಖಾತರಿ ಚೀಟಿ ಸೇರಿದಂತೆ ಆಯೋಗವು ಸೂಚಿಸುವ ಪರ್ಯಾಯ ದಾಖಲೆಗಳನ್ನು ತೋರಿಸಿ ಮತ ಚಲಾಯಿಸಬಹುದು.

ಆ) ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ನಂತರ ಆ ಚುನಾವಣೆ ಪೂರ್ಣಗೊಳ್ಳುವವರೆಗೆ ಪಟ್ಟಿಯಲ್ಲಿ ಯಾವುದೇ ಸೇರ್ಪಡೆ, ತಿದ್ದುಪಡಿ ಅಥವಾ ತೆಗೆದುಹಾಕುವಿಕೆಗೆ ಕಾನೂನಿನಲ್ಲಿ ಅವಕಾಶವಿಲ್ಲ. ಮತದಾನದ ದಿನ ಹೆಸರಿಲ್ಲವೆಂದು ದೂರಿದಲ್ಲಿ ಯಾವ ಅಧಿಕಾರಿಯೂ ಪರಿಹಾರ ನೀಡಲಾರರು.

ಇ) ಮತಗಟ್ಟೆಗಳ ಪುನರ್‌ರಚನೆಯಿಂದ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಬದಲಾಗಬಹುದು. ಹಳೆಯ ಚೀಟಿಯಲ್ಲಿನ ಸಂಖ್ಯೆಯನ್ನು ನಂಬದೆ, ಪ್ರತಿ ವರ್ಷ ಕರಡು ಪಟ್ಟಿ ಪ್ರಕಟವಾದಾಗ ಪರಿಶೀಲಿಸುವುದು ಉತ್ತಮ.

ಈ) ಮದುವೆಯಾಗಿ ಬೇರೆ ಊರಿಗೆ ತೆರಳಿದ ಮಹಿಳೆಯರು ಪತಿಯ ಊರಿನಲ್ಲಿ ನಮೂನೆ 8ರ ಮೂಲಕ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಈಗಾಗಲೇ ಹೆಸರಿರುವವರು ಪುನಃ ನಮೂನೆ 6 ಸಲ್ಲಿಸತಕ್ಕದ್ದಲ್ಲ.

ಉ) ಕುಟುಂಬದಲ್ಲಿ ಯಾರಾದರೂ ನಿಧನರಾದಲ್ಲಿ ನಮೂನೆ 7ರಲ್ಲಿ ಮಾಹಿತಿ ನೀಡಿ ಪಟ್ಟಿಯ ಶುದ್ಧೀಕರಣಕ್ಕೆ ಸಹಕರಿಸಬೇಕು.

ಉಪಸಂಹಾರ

1952ರಲ್ಲಿ ಚಿಹ್ನೆಯ ಪೆಟ್ಟಿಗೆಗೆ ಮತಪತ್ರ ಹಾಕಿದ ತಲೆಮಾರಿನಿಂದ ಇಂದಿನ ಮತಯಂತ್ರದವರೆಗೆ ಈ ಭಾಗದ ಆಡಳಿತ ವ್ಯಾಪ್ತಿ, ಜಿಲ್ಲೆ, ತಾಲ್ಲೂಕು ಮತ್ತು ಕ್ಷೇತ್ರದ ಗಡಿಗಳು ಹಲವು ಬಾರಿ ಬದಲಾಗಿವೆ. ಸಂವಿಧಾನದ 84ನೇ ತಿದ್ದುಪಡಿಯ ಮೇರೆಗೆ, ಸ್ಥಾನಗಳ ಮರುಹಂಚಿಕೆಯನ್ನು 2026ರ ನಂತರದ ಪ್ರಥಮ ಜನಗಣತಿಯವರೆಗೆ ಮುಂದೂಡಲಾಗಿತ್ತು. ಮುಂದೆ ಗಡಿಗಳು ಮತ್ತೆ ಬದಲಾದಲ್ಲಿ ಕ್ಷೇತ್ರದ ಹೆಸರು, ಸಂಖ್ಯೆ ಅಥವಾ ಮೀಸಲಾತಿಯೂ ಬದಲಾಗಬಹುದು. ಅಂತಹ ಪ್ರತಿ ಬದಲಾವಣೆಯ ಸಂದರ್ಭದಲ್ಲಿ ಪಟ್ಟಿಯಲ್ಲಿ ತಮ್ಮ ಹಾಗೂ ತಮ್ಮ ಕುಟುಂಬದವರ ಹೆಸರು ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಹೊಣೆ ಪ್ರತಿಯೊಬ್ಬ ನಾಗರಿಕರ ಮೇಲಿದೆ. ಓದು ಬರಹ ಬಾರದ ಹಿರಿಯರು ಮತ್ತು ಗುಳೆ ಹೋದ ನೆರೆಹೊರೆಯವರ ಹೆಸರುಗಳನ್ನೂ ಇದೇ ಸಮಯದಲ್ಲಿ ಪರಿಶೀಲಿಸಿ ನೆರವಾಗಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.